ಹಾಟ್ ಪ್ಲಗ್ ಪವರ್ ಕಂಟ್ರೋಲರ್: ಓವರ್‌ಕರೆಂಟ್ ರಕ್ಷಣೆ ಮತ್ತು ಫಾಲ್ಟ್ ಟೈಮರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಮೊಬೈಲ್ ಟವರ್‌ಗಳ ಪವರ್ ಪ್ಲಾಂಟ್, ಬ್ಯಾಂಕ್‌ಗಳ ಸರ್ವರ್, ಕಾಫಿ ಕ್ಯೂರಿಂಗ್ ಘಟಕಗಳ ಕಂಟ್ರೋಲ್ ರ‍್ಯಾಕ್ ನೋಡಿಕೊಳ್ಳುವವರಿಗಾಗಿ ಈ ಪುಟ. ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಉಪಯೋಗವಾದೀತು. ಲೆಕ್ಕಗಳನ್ನೆಲ್ಲ ಟವರ್‌ನ 48 ವೋಲ್ಟ್ ಸಾಲಿಗೆ ಹೊಂದಿಸಿದ್ದೇನೆ. 24 ಸೀಸ-ಆಮ್ಲ ಸೆಲ್‌ಗಳು, ಫ್ಲೋಟ್‌ನಲ್ಲಿ (ತುಂಬಿದ ಬ್ಯಾಟರಿಯನ್ನು ಹಾಗೇ ತುಂಬಿಟ್ಟುಕೊಳ್ಳುವಾಗ) ಒಂದೊಂದಕ್ಕೆ 2.25 ವೋಲ್ಟ್, ಒಟ್ಟು 54 ವೋಲ್ಟ್. ಹೆಸರು 48 ಆದರೂ ಕೆಲಸ ಮಾಡುವುದು 54ರಲ್ಲಿ ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳಿ. ಮಾಸ್‌ಫೆಟ್ (ಗೇಟ್ ಎಂಬ ಪಿನ್ನಿನಿಂದ ತೆರೆದು ಮುಚ್ಚುವ ಎಲೆಕ್ಟ್ರಾನಿಕ್ ಸ್ವಿಚ್) ಲೆಕ್ಕದಲ್ಲಿ ವೋಲ್ಟೇಜಿನ ವರ್ಗ ಬರುತ್ತದೆ, ಹಾಗಾಗಿ ಈ 6 ವೋಲ್ಟ್ ಸಣ್ಣದಲ್ಲ.

ಹಾಟ್ ಪ್ಲಗ್ ಕಂಟ್ರೋಲರ್ ಮಾಡುವ ಕೆಲಸವೇನು?

ರ‍್ಯಾಕ್ ಚಾಲೂ ಇರುವಾಗಲೇ ಒಂದು ಕಾರ್ಡ್ ಕಿತ್ತು ಇನ್ನೊಂದನ್ನು ಕೂರಿಸಬೇಕಾಗುತ್ತದೆ. ಹೊಸ ಕಾರ್ಡ್‌ನ ದೊಡ್ಡ ಕೆಪಾಸಿಟರ್‌ಗಳು ಆಗ ಖಾಲಿ ಇರುತ್ತವೆ. ಖಾಲಿ ಕೆಪಾಸಿಟರ್ ಆ ಕ್ಷಣಕ್ಕೆ ಶಾರ್ಟ್‌ಗೆ ಸಮ. ನೇರವಾಗಿ ಚುಚ್ಚಿದರೆ ಕನೆಕ್ಟರ್ ಪಿನ್ ಸುಡುತ್ತದೆ, ಬಸ್ (ಎಲ್ಲ ಕಾರ್ಡ್‌ಗಳಿಗೂ ಕರೆಂಟ್ ಕೊಡುವ ಸಾಲು) ವೋಲ್ಟೇಜ್ ಕುಸಿಯುತ್ತದೆ, ಪಕ್ಕದ ಕಾರ್ಡ್‌ಗಳು ರೀಸೆಟ್ ಆಗುತ್ತವೆ. ಇದನ್ನು ತಡೆಯಲು ಕಾರ್ಡ್‌ನ ಬಾಗಿಲಲ್ಲೇ ಒಂದು ಮಾಸ್‌ಫೆಟ್, ಕರೆಂಟ್ ಅಳೆಯಲು ಒಂದು ಸಣ್ಣ ಸೆನ್ಸ್ ರೆಸಿಸ್ಟರ್, ಅವೆರಡನ್ನೂ ನೋಡಿಕೊಳ್ಳುವ ಒಂದು ಐಸಿ ಇರುತ್ತವೆ. ಐಸಿ ಮಾಸ್‌ಫೆಟ್ಟನ್ನು ಮೆಲ್ಲಗೆ ತೆರೆದು ಕೆಪಾಸಿಟರ್ ತುಂಬಿಸುತ್ತದೆ. ತುಂಬಿದ ಮೇಲೆ ಪೂರ್ತಿ ತೆರೆದು ಕಾವಲು ಕೂರುತ್ತದೆ.

ಟವರ್‌ಗಳಲ್ಲಿ ಪ್ಲಸ್ ಬದಿ ಅರ್ಥ್ ಆಗಿರುವುದರಿಂದ ಮಾಸ್‌ಫೆಟ್ ಮೈನಸ್ ತಂತಿಯಲ್ಲಿರುತ್ತದೆ. ಸರ್ವರ್‌ಗಳ 12 ವೋಲ್ಟ್ ಸಾಲಿನಲ್ಲಿ ಅದು ಪ್ಲಸ್ ಬದಿಯಲ್ಲಿರುತ್ತದೆ. ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಫ್ಯೂಸ್, ಎಂಸಿಬಿ ಇರುವಾಗ ಇದು ಬೇರೆ ಯಾಕೆ?

ಅವು ತಂತಿಯನ್ನು ಕಾಯುತ್ತವೆ. ಮನೆಗಳಲ್ಲಿ ಬಳಸುವ ಎಂಸಿಬಿ ತನ್ನ ರೇಟಿಂಗ್‌ನ 1.45 ಪಟ್ಟು ಕರೆಂಟ್ ಹರಿದರೂ ಟ್ರಿಪ್ ಆಗಲು ಒಂದು ಗಂಟೆಯವರೆಗೆ ತೆಗೆದುಕೊಳ್ಳಬಹುದು. ‘ಸಿ’ ಬಗೆಯದು ಥಟ್ಟನೆ ಟ್ರಿಪ್ ಆಗಬೇಕಾದರೆ 5ರಿಂದ 10 ಪಟ್ಟು ಕರೆಂಟ್ ಬೇಕು. ಹಾಟ್ ಪ್ಲಗ್ ಕಂಟ್ರೋಲರ್ ಕೆಲಸ ಮಾಡುವುದು ಮೈಕ್ರೋಸೆಕೆಂಡ್, ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ. ಹಾಗಂತ ಫ್ಯೂಸ್ ತೆಗೆಯಬೇಡಿ. ಮಾಸ್‌ಫೆಟ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಕಂಟ್ರೋಲರ್ ಗೇಟ್ ಎಳೆದರೂ ಕರೆಂಟ್ ನಿಲ್ಲುವುದಿಲ್ಲ, ಉಳಿಯುವ ಕಾವಲು ಫ್ಯೂಸ್ ಒಂದೇ.

ಕರೆಂಟ್ ಹೆಚ್ಚಾಗಿದೆ ಎಂದು ಐಸಿಗೆ ತಿಳಿಯುವುದು ಹೇಗೆ?

ಸೆನ್ಸ್ ರೆಸಿಸ್ಟರ್ ಮೇಲೆ ಬೀಳುವ ಮಿಲಿವೋಲ್ಟ್‌ಗಳಿಂದ. ಉದಾಹರಣೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಎಂ5069 ತೆಗೆದುಕೊಳ್ಳೋಣ. (ಇದು ಪ್ಲಸ್ ಬದಿಗೆ. ಮೈನಸ್ ಬದಿಗೆ ಅದರ ಜೋಡಿ ಎಲ್‌ಎಂ5067.) ಇದರಲ್ಲಿ ಎರಡು ಗೆರೆಗಳಿವೆ. ಮೊದಲನೆಯದು 55 ಮಿಲಿವೋಲ್ಟ್. ಅಲ್ಲಿಗೆ ಬಂದಾಗ ಐಸಿ ಕರೆಂಟ್ ಕಡಿಯುವುದಿಲ್ಲ, ಗೇಟ್ ಹಿಡಿದು ಅದಕ್ಕಿಂತ ಮೇಲೆ ಹೋಗದಂತೆ ನಿಲ್ಲಿಸಿ ಟೈಮರ್ ಶುರು ಮಾಡುತ್ತದೆ. ಎರಡನೆಯದು ಸುಮಾರು 105 ಮಿಲಿವೋಲ್ಟ್. ಅದನ್ನು ದಾಟಿದರೆ ಟೈಮರ್‌ಗೆ ಕಾಯದೆ ಗೇಟನ್ನು ಬಲವಾಗಿ ಕೆಳಗೆ ಎಳೆಯುತ್ತದೆ. 10 ಮಿಲಿಓಮ್ ರೆಸಿಸ್ಟರ್ ಹಾಕಿದರೆ ಮೊದಲ ಗೆರೆ 5.5 ಆಂಪಿಯರ್, ಎರಡನೆಯದು 10.5 ಆಂಪಿಯರ್.

ರಿಪೇರಿಯಲ್ಲಿ ಇಲ್ಲೇ ಎಡವುವವರು ಹೆಚ್ಚು. ಬೋರ್ಡ್‌ನ ಸಾಮಾನ್ಯ ದಪ್ಪದ ತಾಮ್ರದಲ್ಲಿ ಉದ್ದ-ಅಗಲ ಸಮನಾದ ಒಂದು ಚೌಕಕ್ಕೆ ಅರ್ಧ ಮಿಲಿಓಮ್ ಇರುತ್ತದೆ. ಎರಡು ಚೌಕದಷ್ಟು ಟ್ರ್ಯಾಕ್ ಸೆನ್ಸ್ ಸಾಲಿನೊಳಗೆ ಸೇರಿಕೊಂಡರೆ 10 ಮಿಲಿಓಮ್ 11 ಆಗುತ್ತದೆ, ಮಿತಿ ಸುಮಾರು ಶೇ 9ರಷ್ಟು ಇಳಿಯುತ್ತದೆ. ಆದ್ದರಿಂದ ಸೆನ್ಸ್ ತಂತಿಗಳು ರೆಸಿಸ್ಟರ್‌ನ ಪ್ಯಾಡ್‌ನಿಂದಲೇ ಹೊರಡಬೇಕು. ರೆಸಿಸ್ಟರ್ ಬದಲಾಯಿಸುವಾಗ ಬೆಸುಗೆಯನ್ನು ಗುಡ್ಡೆ ಮಾಡಿ ಬಿಡಬೇಡಿ.

ಕರೆಂಟ್ ಮಿತಿ ದಾಟಿದ ಕೂಡಲೇ ಆಫ್ ಮಾಡಬಾರದೇ? ಟೈಮರ್ ಯಾಕೆ?

ಕೂಡಲೇ ಆಫ್ ಮಾಡಿದರೆ ಕಾರ್ಡ್ ಆನ್ ಆಗುವುದೇ ಇಲ್ಲ. ಕೆಪಾಸಿಟರ್ ತುಂಬುವಾಗ ಕರೆಂಟ್ ಮಿತಿಯಲ್ಲೇ ಇರುತ್ತದೆ, ಅದು ನಿರೀಕ್ಷಿತ. ಹಾರ್ಡ್ ಡಿಸ್ಕ್ ತಿರುಗಲು ಶುರುವಾದಾಗ, ಫ್ಯಾನ್ ಹೊರಟಾಗ, ಡೀಸೆಲ್ ಜನರೇಟರ್ ಬಂದು ಬಸ್ ವೋಲ್ಟೇಜ್ ಜಿಗಿದಾಗಲೂ ಒಂದು ಕ್ಷಣ ಮಿತಿ ಮುಟ್ಟಬಹುದು. ಇದು ಈಗ ಮುಗಿಯುವ ಕರೆಂಟೋ, ಮುಗಿಯದ ಫಾಲ್ಟೋ ಎಂದು ಐಸಿ ಬೇರೆ ಮಾಡಬೇಕು. ಅದಕ್ಕಿರುವ ಅಳತೆ ಸಮಯ ಒಂದೇ.

ಟೈಮರ್ ಎಂದರೆ ಒಂದು ಪಿನ್, ಅದಕ್ಕೆ ಒಂದು ಕೆಪಾಸಿಟರ್. ಮಿತಿ ಮುಟ್ಟಿದಾಗ ಐಸಿ ಒಂದೇ ಸಮನೆ ಸಣ್ಣ ಕರೆಂಟ್‌ನಿಂದ ಆ ಕೆಪಾಸಿಟರ್ ತುಂಬಿಸುತ್ತದೆ. ಎಲ್‌ಎಂ5069ರಲ್ಲಿ ಆ ಕರೆಂಟ್ 85 ಮೈಕ್ರೋಆಂಪಿಯರ್. 4 ವೋಲ್ಟ್ ಮುಟ್ಟಿದರೆ ಫಾಲ್ಟ್ ಎಂದು ತೀರ್ಮಾನ, ಮಾಸ್‌ಫೆಟ್ ಆಫ್. ಅಷ್ಟರೊಳಗೆ ಕರೆಂಟ್ ಇಳಿದರೆ ಟೈಮರ್ ಕೆಪಾಸಿಟರ್ ಮತ್ತೆ ಖಾಲಿಯಾಗುತ್ತದೆ. ಬೇರೆ ಕಂಪನಿಗಳ ಐಸಿಗಳಲ್ಲಿ ಅಂಕಿಗಳು ಬೇರೆ, ಕ್ರಮ ಹೆಚ್ಚುಕಡಿಮೆ ಇದೇ.

ಕಾರ್ಡ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಟೈಮರ್ ಕೆಪಾಸಿಟರ್ ದೊಡ್ಡದು ಹಾಕಿದರೆ ಸರಿ ಹೋಗುತ್ತದಲ್ಲ?

ಟ್ರಿಪ್ ಆಗುವುದು ನಿಲ್ಲಬಹುದು. ಆದರೆ ಮಾಸ್‌ಫೆಟ್‌ನ ಜೀವಕ್ಕೆ ಅಪಾಯ ತಂದಿರುತ್ತೀರಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಟೈಮರ್ ಓಡುವಷ್ಟು ಹೊತ್ತೂ ಮಾಸ್‌ಫೆಟ್ ಅರ್ಧ ತೆರೆದಿರುತ್ತದೆ. ಅದರ ಎರಡು ತುದಿಗಳ ನಡುವೆ ವೋಲ್ಟೇಜೂ ಇದೆ, ಒಳಗೆ ಕರೆಂಟೂ ಇದೆ. ಎರಡರ ಗುಣಲಬ್ಧವೆಲ್ಲ ಶಾಖ. ಔಟ್‌ಪುಟ್ ಶಾರ್ಟ್ ಆಗಿದ್ದರೆ ಪೂರ್ತಿ 54 ವೋಲ್ಟ್ ಮಾಸ್‌ಫೆಟ್ ಮೇಲೇ ಬೀಳುತ್ತದೆ. 5.5 ಆಂಪಿಯರ್ ಹಿಡಿದು ನಿಂತರೆ 297 ವಾಟ್. ಉಗುರಿನಷ್ಟಿರುವ ಒಂದು ಸಾಮಾನು ಇದನ್ನು ತಾಳುವುದು ಕೆಲವೇ ಮಿಲಿಸೆಕೆಂಡ್.

ಟೈಮರ್‌ಗೆ ಎರಡು ಬದಿಯಿಂದ ಒತ್ತಡವಿದೆ. ಲೋಡ್ ತುಂಬಲು ಬೇಕಾದ ಸಮಯಕ್ಕಿಂತ ಅದು ಕಡಿಮೆ ಇರಬಾರದು, ಮಾಸ್‌ಫೆಟ್ ತಾಳುವ ಸಮಯಕ್ಕಿಂತ ಹೆಚ್ಚಿರಬಾರದು. ಮೊದಲನೆಯದನ್ನು ಮೀರಿದರೆ ಅದೇ ದಿನ ಫೋನ್ ಬರುತ್ತದೆ. ಎರಡನೆಯದನ್ನು ಮೀರಿದರೆ ಏನೂ ಕಾಣುವುದಿಲ್ಲ, ನಿಜವಾದ ಶಾರ್ಟ್ ಬರುವ ದಿನದವರೆಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಆ ದಿನ ರಕ್ಷಣೆಯ ಸರ್ಕೀಟೇ ಮೊದಲು ಸುಡುತ್ತದೆ. ಟ್ರಿಪ್ ನಿಂತಿತು ಎಂಬ ಕಾರಣಕ್ಕೆ ಕೆಲಸ ಮುಗಿಯಿತು ಎನ್ನಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಟ್ರಿಪ್ ಆದರೆ ಮೊದಲು ನೋಡಬೇಕಾದದ್ದು ಲೋಡ್‌ನ ಕಡೆ. ಕೆಪಾಸಿಟರ್ ತುಂಬುವ ಮೊದಲೇ ಅದರ ಹಿಂದಿನ ಡಿಸಿ-ಡಿಸಿ ಕನ್ವರ್ಟರ್ (ಬಂದ ವೋಲ್ಟೇಜನ್ನು ಕಾರ್ಡ್‌ಗೆ ಬೇಕಾದ ವೋಲ್ಟೇಜ್ ಮಾಡುವ ಭಾಗ) ಹೊರಟುಬಿಡುತ್ತಿದೆಯೇ? ಹಾಗಿದ್ದರೆ ತುಂಬಬೇಕಾದ ಕರೆಂಟನ್ನು ಅದೇ ತಿನ್ನುತ್ತದೆ, ಕೆಪಾಸಿಟರ್ ಎಂದೂ ತುಂಬುವುದಿಲ್ಲ. ಕಂಟ್ರೋಲರ್‌ನ ಪವರ್ ಗುಡ್ ಪಿನ್ನಿಂದ (ಔಟ್‌ಪುಟ್ ತುಂಬಿತು ಎಂದು ತಿಳಿಸುವ ಪಿನ್) ಕನ್ವರ್ಟರ್‌ಗೆ ಅನುಮತಿ ಕೊಡಿಸುವುದು ಇದಕ್ಕೆ ಮದ್ದು. ರಿಪೇರಿ ಮಾಡಿದವರು 470 ಮೈಕ್ರೋಫ್ಯಾರಡ್ ಇದ್ದ ಜಾಗಕ್ಕೆ 1000 ಹಾಕಿದ್ದಾರೆಯೇ ಎಂದೂ ನೋಡಿ. “ದೊಡ್ಡದಿದ್ದರೆ ಒಳ್ಳೆಯದೇ” ಎಂಬ ನಂಬಿಕೆ ಈ ಜಾಗದಲ್ಲಿ ನಡೆಯುವುದಿಲ್ಲ.

ಹಾಗಾದರೆ ಸರಿಯಾದ ಸಮಯದ ಲೆಕ್ಕ ಹೇಗೆ?

ಒಂದು ಕಾರ್ಡ್ ಹಿಡಿದು ಪೂರ್ತಿ ಮಾಡೋಣ. 54 ವೋಲ್ಟ್, 470 ಮೈಕ್ರೋಫ್ಯಾರಡ್, ಮಿತಿ 5.5 ಆಂಪಿಯರ್.

ಮಿತಿಯ ಕರೆಂಟ್‌ನಲ್ಲೇ ಒಂದೇ ಸಮನೆ ತುಂಬಿದರೆ ಸಮಯ ಎಂದರೆ ಕೆಪಾಸಿಟನ್ಸ್ ಗುಣಿಸು ವೋಲ್ಟೇಜ್ ಭಾಗಿಸು ಕರೆಂಟ್. ಸುಮಾರು 4.6 ಮಿಲಿಸೆಕೆಂಡ್. ತುಂಬುವಾಗ ಮಾಸ್‌ಫೆಟ್‌ನಲ್ಲಿ ಸುಡುವ ಶಕ್ತಿ ಕೆಪಾಸಿಟರ್‌ನಲ್ಲಿ ಉಳಿಯುವಷ್ಟೇ, ಸುಮಾರು 0.69 ಜೂಲ್. ಮೆಲ್ಲಗೆ ತುಂಬಿದರೂ ಬೇಗ ತುಂಬಿದರೂ ಈ ಮೊತ್ತ ಬದಲಾಗದು. ಹೊತ್ತು ಹೆಚ್ಚಾದಷ್ಟೂ ಆ ಶಾಖ ಹರಡಲು ಅವಕಾಶ ಸಿಗುತ್ತದೆ ಅಷ್ಟೆ.

ಆದರೆ 297 ವಾಟ್‌ನ ಶಾರ್ಟ್ ಭಯ ಇರುವುದರಿಂದ ಇಂಥ ಐಸಿಗಳಲ್ಲಿ ಪವರ್ ಮಿತಿಯೂ ಇರುತ್ತದೆ. ಮಾಸ್‌ಫೆಟ್ ಮೇಲೆ ವೋಲ್ಟೇಜ್ ಹೆಚ್ಚಿದ್ದಾಗ ಕರೆಂಟನ್ನು ತಗ್ಗಿಸಿ ವಾಟ್ ಮೀರದಂತೆ ನೋಡಿಕೊಳ್ಳುತ್ತವೆ. 100 ವಾಟ್‌ಗೆ ಕಟ್ಟಿದರೆ ಶುರುವಿನಲ್ಲಿ ಹರಿಯುವುದು 1.85 ಆಂಪಿಯರ್ ಮಾತ್ರ. ಔಟ್‌ಪುಟ್ ಏರಿದಂತೆ ಕರೆಂಟೂ ಏರುತ್ತದೆ. ಆಗ ತುಂಬುವ ಸಮಯಕ್ಕೆ ಸೂತ್ರ ಹೀಗೆ: ವೋಲ್ಟೇಜಿನ ವರ್ಗವನ್ನು ಪವರ್ ಮಿತಿಯಿಂದ ಭಾಗಿಸಿ, ಪವರ್ ಮಿತಿಯನ್ನು ಕರೆಂಟ್ ಮಿತಿಯ ವರ್ಗದಿಂದ ಭಾಗಿಸಿ, ಎರಡನ್ನೂ ಕೂಡಿಸಿ ಕೆಪಾಸಿಟನ್ಸ್‌ನ ಅರ್ಧದಿಂದ ಗುಣಿಸಿ. ನಮ್ಮ ಕಾರ್ಡ್‌ಗೆ ಸುಮಾರು 7.6 ಮಿಲಿಸೆಕೆಂಡ್ ಬರುತ್ತದೆ.

ಟೈಮರ್‌ಗೆ 0.33 ಮೈಕ್ರೋಫ್ಯಾರಡ್ ಹಾಕೋಣ. 0.33 ಗುಣಿಸು 4, ಭಾಗಿಸು 85: ಸುಮಾರು 15.5 ಮಿಲಿಸೆಕೆಂಡ್. ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧವೇ ಆಯಿತು. ಆ 85 ಮೈಕ್ರೋಆಂಪಿಯರ್ ಐಸಿಯಿಂದ ಐಸಿಗೆ ಸುಮಾರು ಶೇ 40ರಷ್ಟು ಆಚೀಚೆ ಆಗಬಹುದು. ಕೆಪಾಸಿಟರ್‌ನದು ಇನ್ನೊಂದು ಶೇ 10. ಎಲ್ಲ ಒಂದೇ ಕಡೆ ವಾಲಿದರೆ ಕಡಿಮೆ ಎಂದರೆ 10, ಹೆಚ್ಚೆಂದರೆ 28 ಮಿಲಿಸೆಕೆಂಡ್. ಹತ್ತು 7.6ಕ್ಕಿಂತ ಹೆಚ್ಚು, ಆದ್ದರಿಂದ ಕಾರ್ಡ್ ಆನ್ ಆಗುತ್ತದೆ. ಇನ್ನು ನೋಡಬೇಕಾದದ್ದು ಮಾಸ್‌ಫೆಟ್ 100 ವಾಟನ್ನು 28 ಮಿಲಿಸೆಕೆಂಡ್ ತಾಳುತ್ತದೆಯೇ ಎಂದು. 15.5ಕ್ಕೆ ತಾಳಿದರೆ ಸಾಲದು.

ಇದೇ ಜಾಗಕ್ಕೆ ಯಾರಾದರೂ 1.5 ಮೈಕ್ರೋಫ್ಯಾರಡ್ ಹಾಕಿದರೆ ಸಾಮಾನ್ಯ ಸಮಯವೇ 70 ಮಿಲಿಸೆಕೆಂಡ್ ಆಗುತ್ತದೆ. ಶಾರ್ಟ್‌ನಲ್ಲಿ 7 ಜೂಲ್. ಹಿಂದೆ 1.5 ಜೂಲ್ ಇತ್ತು.

ಮಾಸ್‌ಫೆಟ್ ತಾಳುತ್ತದೆ ಎಂದು ಎಲ್ಲಿ ನೋಡುವುದು?

ಡೇಟಾಶೀಟ್‌ನ ಎಸ್‌ಒಎ (ಸೇಫ್ ಆಪರೇಟಿಂಗ್ ಏರಿಯಾ) ಚಾರ್ಟ್‌ನಲ್ಲಿ. ಯಾವ ವೋಲ್ಟೇಜ್‌ನಲ್ಲಿ ಎಷ್ಟು ಕರೆಂಟನ್ನು ಎಷ್ಟು ಹೊತ್ತು ತಾಳುತ್ತದೆ ಎಂದು ಅದು ತೋರಿಸುತ್ತದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿರುವ 100 ಆಂಪಿಯರ್, 200 ಆಂಪಿಯರ್ ನಮಗೆ ಬೇಡ. ಅವು ಮಾಸ್‌ಫೆಟ್ ಪೂರ್ತಿ ತೆರೆದಾಗಿನ ಅಂಕಿಗಳು. ಚಾರ್ಟ್‌ನಲ್ಲಿ 54 ವೋಲ್ಟ್ ಗೆರೆ ಹಿಡಿದು, 10 ಮಿಲಿಸೆಕೆಂಡ್ ಮತ್ತು 100 ಮಿಲಿಸೆಕೆಂಡ್ ರೇಖೆಗಳ ನಡುವೆ 28 ಎಲ್ಲಿ ಬೀಳುತ್ತದೆ ನೋಡಿ. ಅಳತೆ ಲಾಗ್ ಮಾಪಕದಲ್ಲಿರುತ್ತದೆ, ನೇರ ಗೆರೆಯ ಅಂದಾಜು ತಪ್ಪಾಗುತ್ತದೆ.

ಚಾರ್ಟ್ ಬರೆದಿರುವುದು ಸಾಮಾನ್ಯವಾಗಿ ಕೇಸ್ (ಮಾಸ್‌ಫೆಟ್‌ನ ಹೊರಮೈ) 25 ಡಿಗ್ರಿ ಇರುವಾಗ. ಮಡಿಕೇರಿಯ ಚಳಿ ಕ್ಯಾಬಿನೆಟ್ ಒಳಗೆ ಇರುವುದಿಲ್ಲ. ಕೇಸ್ 85 ಡಿಗ್ರಿ, ಮಾಸ್‌ಫೆಟ್‌ನ ಗರಿಷ್ಠ 175 ಡಿಗ್ರಿ ಎಂದಾದರೆ ಉಳಿಯುವ ಸಾಮರ್ಥ್ಯ 150ಕ್ಕೆ 90, ಅಂದರೆ ಶೇ 60. ನಮಗೆ ಬೇಕಾದದ್ದು 1.85 ಆಂಪಿಯರ್. ಆದ್ದರಿಂದ ಚಾರ್ಟ್‌ನಲ್ಲಿ ಕನಿಷ್ಠ 3.1 ಆಂಪಿಯರ್ ಕಾಣಬೇಕು. ಪವರ್ ಮಿತಿಗೂ ತನ್ನದೇ ಹೆಚ್ಚುಕಡಿಮೆ ಇರುವುದರಿಂದ ಇದರ ಮೇಲೂ ಸ್ವಲ್ಪ ಬಿಡಿ.

ಇನ್ನೊಂದು ವಿಷಯ. ಹೊಸ ಟ್ರೆಂಚ್ ಮಾಸ್‌ಫೆಟ್‌ಗಳ ಆನ್ ರೆಸಿಸ್ಟೆನ್ಸ್ ತೀರಾ ಕಡಿಮೆ, ಆದರೆ ಅರ್ಧ ತೆರೆದಾಗ ಹಲವು ದುರ್ಬಲ. ಚಿಪ್‌ನ ಒಂದು ಮೂಲೆ ಬಿಸಿಯಾದರೆ ಅಲ್ಲಿ ಇನ್ನಷ್ಟು ಕರೆಂಟ್ ಸೇರಿ ಮತ್ತಷ್ಟು ಬಿಸಿಯಾಗುತ್ತದೆ. ಇದನ್ನು ಸ್ಪಿರಿಟೋ ಪರಿಣಾಮ ಎನ್ನುತ್ತಾರೆ. ಎರಡು ಮಾಸ್‌ಫೆಟ್ ಜೋಡಿಸಿದರೂ ಇಲ್ಲಿ ಪರಿಹಾರ ಸಿಗದು. ಗೇಟ್ ಥ್ರೆಶೋಲ್ಡ್ (ತೆರೆಯಲು ಶುರುವಾಗುವ ಗೇಟ್ ವೋಲ್ಟೇಜ್) ಕಡಿಮೆ ಇರುವ ಒಂದರ ಮೇಲೇ ಹೆಚ್ಚುಕಡಿಮೆ ಎಲ್ಲ ಭಾರ ಬೀಳುತ್ತದೆ.

ಪೂರ್ತಿ ಶಾರ್ಟ್ ಆದರೂ ಟೈಮರ್ ಮುಗಿಯುವವರೆಗೆ ಕಾಯುತ್ತದೆಯೇ?

ಇಲ್ಲ. ಎರಡನೇ ಗೆರೆ ಇರುವುದು ಇದಕ್ಕೇ. ಓಡುತ್ತಿರುವಾಗ ಶಾರ್ಟ್ ಆದರೆ ಗೇಟನ್ನು ಕೂಡಲೇ ಎಳೆಯುತ್ತದೆ; ಕರೆಂಟ್ ಆ ಗೆರೆಗಿಂತ ಇಳಿದ ಮೇಲೆ ಮಾತ್ರ ಮೊದಲ ಗೆರೆ, ಪವರ್ ಮಿತಿ ಮತ್ತು ಟೈಮರ್ ಕೈಗೆ ಬರುತ್ತದೆ. ಸಾಲಿನಲ್ಲಿ 1 ಮೈಕ್ರೋಹೆನ್ರಿ ಇದ್ದರೆ 54 ವೋಲ್ಟ್‌ನಲ್ಲಿ ಕರೆಂಟ್ ಪ್ರತಿ ಮೈಕ್ರೋಸೆಕೆಂಡ್‌ಗೆ 54 ಆಂಪಿಯರ್ ಏರುತ್ತದೆ. ಗೇಟ್ ಎಳೆಯಲು ಒಂದೆರಡು ಮೈಕ್ರೋಸೆಕೆಂಡ್ ತಡವಾದರೂ ನೂರರ ಹತ್ತಿರ ಹೋಗಬಹುದು. ಅಷ್ಟು ಕರೆಂಟನ್ನು ಥಟ್ಟನೆ ಕಡಿದಾಗ ತಂತಿಯಲ್ಲಿದ್ದ ಶಕ್ತಿ ಇನ್‌ಪುಟ್‌ನಲ್ಲಿ ವೋಲ್ಟೇಜ್ ಏರಿಸುತ್ತದೆ. ಇನ್‌ಪುಟ್‌ಗೆ ಈ ಏರಿಕೆಯನ್ನು ನುಂಗುವ ಟಿವಿಎಸ್ ಡಯೋಡ್, ಔಟ್‌ಪುಟ್‌ಗೆ ವೋಲ್ಟೇಜ್ ತಿರುಗುಮುರುಗಾಗದಂತೆ ತಡೆಯುವ ಶಾಟ್ಕಿ ಡಯೋಡ್ ಇಲ್ಲದ ಬೋರ್ಡ್‌ಗಳಲ್ಲಿ ಶಾರ್ಟ್‌ನಿಂದ ಮಾಸ್‌ಫೆಟ್ ಉಳಿದರೂ ಐಸಿ ಸಾಯುವುದು ಹೀಗೆ.

ಟ್ರಿಪ್ ಆದ ಮೇಲೆ ಲಾಕ್ ಆಗಿ ಕೂರುವುದು ಒಳ್ಳೆಯದೋ, ತಾನೇ ಮತ್ತೆ ಪ್ರಯತ್ನಿಸುವುದು ಒಳ್ಳೆಯದೋ?

ಎರಡೂ ಬಗೆ ಸಿಗುತ್ತವೆ. ಎಲ್‌ಎಂ5069ರ ‘-1’ ಲಾಕ್ ಆಗುತ್ತದೆ, ‘-2’ ಮತ್ತೆ ಪ್ರಯತ್ನಿಸುತ್ತದೆ. ಪ್ರಯತ್ನಿಸುವ ಬಗೆಯಲ್ಲಿ ಆನ್ ಇರುವ ಕಾಲ ಒಟ್ಟಿನ ಶೇ 0.5 ಮಾತ್ರ. ನಮ್ಮ ಲೆಕ್ಕದಲ್ಲಿ 15.5 ಮಿಲಿಸೆಕೆಂಡ್ ಪ್ರಯತ್ನ, ಸುಮಾರು 3 ಸೆಕೆಂಡ್ ವಿಶ್ರಾಂತಿ. 100 ವಾಟ್‌ನ ಸರಾಸರಿ ಅರ್ಧ ವಾಟ್ ಆಗುತ್ತದೆ, ಮಾಸ್‌ಫೆಟ್ ತಣ್ಣಗಾಗುತ್ತದೆ.

ಕೊಡಗಿನ ಟವರ್‌ಗಳಿಗೆ ನನ್ನ ಒಲವು ಮತ್ತೆ ಪ್ರಯತ್ನಿಸುವುದರ ಕಡೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಮರ ಬಿದ್ದು, ಮಣ್ಣು ಜಾರಿ ರಸ್ತೆ ಮುಚ್ಚಿದರೆ ಭಾಗಮಂಡಲದ ಆಚೆ ಒಂದು ರೀಸೆಟ್ ಬಟನ್ ಒತ್ತಲು ಯಾರು ಹೋಗುತ್ತಾರೆ? ತಿತಿಮತಿ ಕಡೆಯ ಆನೆ ರಸ್ತೆಯಲ್ಲಿ ರಾತ್ರಿ ಹುಡುಗರನ್ನು ಕಳಿಸುವುದೂ ಸರಿಯಲ್ಲ. ಮಳೆಗಾಲದಲ್ಲಿ ಒಂದು ಟವರ್ ಬಿದ್ದರೆ ಊರಿಗೆ ಊರೇ ಸಂಪರ್ಕ ಕಳೆದುಕೊಳ್ಳುತ್ತದೆ, 2018ರ ಆಗಸ್ಟ್ ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕಾರ್ಡ್ ಒಳಗೆ ನಿಜವಾಗಿ ಏನೋ ಸುಟ್ಟಿದ್ದರೆ ದಿನವಿಡೀ ಅದಕ್ಕೆ ಕರೆಂಟ್ ತುರುಕುತ್ತಾ ಇರುವುದೂ ತಪ್ಪು. ಕೆಲವು ಸಲ ಪ್ರಯತ್ನಿಸಿ ಆಮೇಲೆ ಲಾಕ್ ಆಗುವ ಏರ್ಪಾಡು, ಜೊತೆಗೆ ದೂರದಿಂದ ಅಲಾರ್ಮ್ ಕಾಣುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಳು ಸದಾ ಇರುವ ಸರ್ವರ್ ಕೋಣೆಯಲ್ಲಿ ಲಾಕ್ ಸಾಕು.

ಕರೆಂಟ್ ಹೋಗಿ ಬಹಳ ಹೊತ್ತಾದ ರಾತ್ರಿಗಳಲ್ಲಿ ಮಾತ್ರ ಟ್ರಿಪ್ ಆಗುತ್ತದೆ. ಯಾಕೆ?

ಡಿಸಿ-ಡಿಸಿ ಕನ್ವರ್ಟರ್ ಬೇಕಾದ ವಾಟ್ ಎಳೆದೇ ಎಳೆಯುತ್ತದೆ. ವೋಲ್ಟೇಜ್ ಇಳಿದರೆ ಕರೆಂಟ್ ಏರಿಸಿಕೊಳ್ಳುತ್ತದೆ. 200 ವಾಟ್‌ನ ಕಾರ್ಡ್‌ಗೆ 54 ವೋಲ್ಟ್‌ನಲ್ಲಿ 3.7 ಆಂಪಿಯರ್, ಬ್ಯಾಟರಿ 44ಕ್ಕೆ ಇಳಿದಾಗ 4.5, 41ರಲ್ಲಿ 4.9. ಮಿತಿ 5.5 ಎಂದರೂ ಐಸಿಯ ಹೆಚ್ಚುಕಡಿಮೆಯಿಂದ ಕೆಲವು ಕಾರ್ಡ್‌ಗಳಲ್ಲಿ ಅದು 4.85ರಲ್ಲೇ ಇರಬಹುದು. ಅಂಥ ಕಾರ್ಡ್ ಬ್ಯಾಟರಿ ಇಳಿದಾಗ ಟ್ರಿಪ್ ಆಗುತ್ತದೆ, ಬೆಳಿಗ್ಗೆ ಹೋಗಿ ನೋಡಿದರೆ ಸರಿಯಾಗಿರುತ್ತದೆ. ಕರೆಂಟ್ ಮಿತಿಯನ್ನು ಅತಿ ಕಡಿಮೆ ವೋಲ್ಟೇಜ್‌ನಲ್ಲಿ ಲೆಕ್ಕ ಹಾಕಬೇಕು, ಮಾಸ್‌ಫೆಟ್ ಶಾಖವನ್ನು ಅತಿ ಹೆಚ್ಚಿನ ವೋಲ್ಟೇಜ್‌ನಲ್ಲಿ. ಕಡಿಮೆ ವೋಲ್ಟೇಜ್‌ಗೆ ಕಡಿಯುವ ಗೆರೆಯನ್ನು, ಕರೆಂಟ್ ಮಿತಿ ಮುಟ್ಟುವ ವೋಲ್ಟೇಜ್‌ಗಿಂತ ಸ್ವಲ್ಪ ಮೇಲಿಟ್ಟರೆ ಅದು ಓವರ್‌ಕರೆಂಟ್ ಎಂದು ಸುಳ್ಳು ಹೇಳುವುದು ತಪ್ಪುತ್ತದೆ.

ಬೇಸಿಗೆಯಲ್ಲಿ ಸರಿಯಿದ್ದ ಕಾರ್ಡ್ ಮಳೆಗಾಲದಲ್ಲಿ ಆನ್ ಆಗುವುದೇ ಇಲ್ಲ. ಶಾರ್ಟ್ ಎಲ್ಲೂ ಇಲ್ಲ.

ನಮ್ಮ ಜಿಲ್ಲೆಗೇ ಅಂಟಿದ ಪ್ರಶ್ನೆ ಇದು, ಉತ್ತರ ಟೈಮರ್ ಪಿನ್‌ನಲ್ಲೇ ಇದೆ. ಕಾರ್ಡ್ ಚುಚ್ಚಿದಾಗ ಪಿನ್‌ಗಳು ಕುಣಿಯುತ್ತವೆ. ಅದು ನಿಲ್ಲಲಿ ಎಂದು ಐಸಿ ಮೊದಲು ಸ್ವಲ್ಪ ಕಾಯುತ್ತದೆ. ಆ ಕಾಯುವಿಕೆಗೂ ಅದೇ ಟೈಮರ್ ಕೆಪಾಸಿಟರ್ ಬಳಸುತ್ತದೆ, ಆದರೆ ತುಂಬಿಸುವ ಕರೆಂಟ್ ಕೇವಲ 5.5 ಮೈಕ್ರೋಆಂಪಿಯರ್. 0.33 ಮೈಕ್ರೋಫ್ಯಾರಡ್‌ಗೆ ಕಾಲು ಸೆಕೆಂಡ್ ಹತ್ತಿರ.

ಬೋರ್ಡ್ ಮೇಲೆ ಉಳಿದ ಬೆಸುಗೆಯ ಫ್ಲಕ್ಸ್, ಅದರ ಮೇಲೆ ಧೂಳು, ಅದಕ್ಕೆ ಜುಲೈನ ತೇವ. ಟೈಮರ್ ಪಿನ್ನಿನಿಂದ ಗ್ರೌಂಡ್‌ಗೆ 700 ಕಿಲೋಓಮ್ ಸೋರಿಕೆ ಆಯಿತೆನ್ನಿ. 4 ವೋಲ್ಟ್‌ನಲ್ಲಿ ಸೋರುವುದು 5.7 ಮೈಕ್ರೋಆಂಪಿಯರ್. ತುಂಬುವುದಕ್ಕಿಂತ ಸೋರುವುದು ಹೆಚ್ಚು. ಪಿನ್ 4 ವೋಲ್ಟ್ ಮುಟ್ಟುವುದೇ ಇಲ್ಲ, ಕಾರ್ಡ್ ಕಾಯುತ್ತಲೇ ಇರುತ್ತದೆ. ಮಲ್ಟಿಮೀಟರ್ ಹಿಡಿದರೆ ಯಾವ ಶಾರ್ಟೂ ಕಾಣದು. ಬೆಂಚಿಗೆ ತಂದು ಬಲ್ಬಿನ ಬಿಸಿಗಿಟ್ಟರೆ ತಾನಾಗಿಯೇ ಸರಿಯಾಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ತೇವ ತಡೆಯುವ ಕನ್‌ಫಾರ್ಮಲ್ ಕೋಟಿಂಗ್ ಹಚ್ಚಿ. ಕನೆಕ್ಟರ್ ಮೇಲೆ ಕೋಟಿಂಗ್ ಬೀಳದಂತೆ ನೋಡಿ. ಒಣಗಿಸದೆ ಹಚ್ಚಿದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ. ಕಡಿಮೆ ವೋಲ್ಟೇಜ್ ಗುರುತಿಸುವ, ಹೆಚ್ಚು ಓಮ್‌ನ ರೆಸಿಸ್ಟರ್‌ಗಳ ಸುತ್ತಲೂ ಹೀಗೇ ಮಾಡಿ, ಅಲ್ಲೂ ಇದೇ ರೋಗ.

ಸಿಡಿಲಿಗೆ ಇದು ರಕ್ಷಣೆ ಕೊಡುತ್ತದೆಯೇ?

ಕೊಡುವುದಿಲ್ಲ. ಅದಕ್ಕೆ ಸರ್ಜ್ ಅರೆಸ್ಟರ್ ಮತ್ತು ಒಳ್ಳೆಯ ಅರ್ಥಿಂಗ್ ಬೇಕು.

ಕಂಪ್ಯೂಟರ್ ಸ್ಲಾಟ್, ಯುಎಸ್‌ಬಿಗೂ ಇದೇ ಲೆಕ್ಕವೇ?

ತತ್ವ ಇದೇ, ಅಂಕಿಗಳು ಚಿಕ್ಕವು. ಯುಎಸ್‌ಬಿಯಲ್ಲಿ ಚುಚ್ಚುವ ಸಾಧನ 10 ಮೈಕ್ರೋಫ್ಯಾರಡ್‌ಗಿಂತ ಹೆಚ್ಚು ತೋರಿಸಬಾರದು, ಪೋರ್ಟ್ ಬದಿಯಲ್ಲಿ ಕನಿಷ್ಠ 120 ಇರಬೇಕು ಎಂದು ನಿಯಮವೇ ಇದೆ. ಅಲ್ಲಿ ಮಾಸ್‌ಫೆಟ್, ಸೆನ್ಸ್, ಟೈಮರ್ ಎಲ್ಲ ಒಂದೇ ಚಿಪ್ ಒಳಗಿರುತ್ತವೆ. ನೀವು ಬದಲಾಯಿಸುವಂಥದ್ದು ಏನೂ ಇಲ್ಲ.

ರಿಪೇರಿ ಆದ ಮೇಲೆ ಪರೀಕ್ಷೆ ಹೇಗೆ?

ಸ್ಕ್ರೂಡ್ರೈವರ್ ತಾಗಿಸಿ ಕಿಡಿ ನೋಡುವುದು ಪರೀಕ್ಷೆಯಲ್ಲ. ಬ್ಯಾಟರಿ ಬ್ಯಾಂಕ್ ಎದುರಲ್ಲಂತೂ ಬೇಡವೇ ಬೇಡ. 54 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ಹರಿದು ಉಂಗುರ, ಕೈಗಡಿಯಾರ ಕರಗುತ್ತದೆ. ಕೆಲಸಕ್ಕೆ ಮೊದಲು ತೆಗೆದಿಡಿ.

ಬೆಂಚಿನಲ್ಲಿ ಫ್ಯೂಸ್ ಹಾಕಿದ ಸಪ್ಲೈ ಇಟ್ಟು, ಆಸಿಲೋಸ್ಕೋಪ್‌ನಲ್ಲಿ ಟೈಮರ್ ಪಿನ್, ಗೇಟ್, ಔಟ್‌ಪುಟ್ ಮೂರನ್ನೂ ಒಟ್ಟಿಗೆ ನೋಡಿ. ಸಾಮಾನ್ಯವಾಗಿ ಆನ್ ಆಗುವಾಗ ಟೈಮರ್ ಪಿನ್ ಎಷ್ಟು ಎತ್ತರಕ್ಕೆ ಹೋಗಿ ಹಿಂದೆ ಬರುತ್ತದೆ ಎಂಬುದರಲ್ಲಿ ನಿಮ್ಮ ಅಂತರವೆಲ್ಲ ಇದೆ. 4 ವೋಲ್ಟ್‌ನ ಗಡಿಗೆ 2ರಲ್ಲಿ ತಿರುಗಿದರೆ ನೆಮ್ಮದಿ. 3.7ರಲ್ಲಿ ತಿರುಗಿದರೆ ಆ ಕಾರ್ಡ್ ಒಂದು ದಿನ ಕೈಕೊಡುತ್ತದೆ. ಆಮೇಲೆ ಔಟ್‌ಪುಟ್ ಶಾರ್ಟ್ ಮಾಡಿಟ್ಟು ಆನ್ ಮಾಡಿ, ಓಡುತ್ತಿರುವಾಗ ಶಾರ್ಟ್ ಕೊಡಿ, ಕೊನೆಗೆ ಮಿತಿಗಿಂತ ಸ್ವಲ್ಪವೇ ಹೆಚ್ಚು ಲೋಡ್ ಕೊಡಿ. ಬೋರ್ಡ್ ಬಿಸಿ ಇರುವಾಗ ಇದೇ ಮೂರನ್ನು ಮತ್ತೆ ಮಾಡಿ. ಬಿಸಿಯಲ್ಲಿ ಉಳಿದದ್ದೇ ಉಳಿದದ್ದು.

ಅದೇ ನಂಬರ್ ಮಾಸ್‌ಫೆಟ್ ಸಿಗಲಿಲ್ಲ. ಅದಕ್ಕಿಂತ ಹೆಚ್ಚು ಆಂಪಿಯರ್‌ನದು ಹಾಕಬಹುದೇ?

ಆಂಪಿಯರ್ ನೋಡಿ ಹಾಕಬೇಡಿ. ಹಳೆಯದರ ಮತ್ತು ಹೊಸದರ ಎಸ್‌ಒಎ ಚಾರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು, ನಿಮ್ಮ ವೋಲ್ಟೇಜ್‌ನಲ್ಲಿ 10 ಮತ್ತು 100 ಮಿಲಿಸೆಕೆಂಡ್ ರೇಖೆಗಳು ಹೊಸದರಲ್ಲಿ ಕೆಳಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ವೋಲ್ಟೇಜ್ ರೇಟಿಂಗ್ 100ಕ್ಕೆ ಕಡಿಮೆ ಇರಬಾರದು. ಗೇಟ್ ಚಾರ್ಜ್ (ಗೇಟ್ ತೆರೆಯಲು ತುಂಬಬೇಕಾದ, ಮುಚ್ಚಲು ಖಾಲಿ ಮಾಡಬೇಕಾದ ಚಾರ್ಜ್) ತೀರಾ ಹೆಚ್ಚಿದ್ದರೆ ಶಾರ್ಟ್ ಆದಾಗ ಆಫ್ ಆಗುವುದು ತಡವಾಗುತ್ತದೆ, ಅದನ್ನೂ ನೋಡಿ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ, ಮೇಲಿನ ನಂಬರ್ ಉಜ್ಜಿ ಮತ್ತೆ ಅಚ್ಚು ಹಾಕಿದ ಸಾಮಾನಿಗೆ ಯಾವ ಚಾರ್ಟೂ ಅನ್ವಯಿಸುವುದಿಲ್ಲ. ಈ ಜಾಗಕ್ಕೆ ಅಧಿಕೃತ ವಿತರಕರಿಂದಲೇ ತರಿಸಿ, ನಾಲ್ಕು ದಿನ ತಡವಾದರೂ ಸರಿ.